ಸಂತೆಯ ಬುಟ್ಟಿಯಿಂದ ಸಂಘದ ಕಟ್ಟೆಯವರೆಗೆ: ನಮ್ಮ ಭಾಗದ ಹಣ್ಣು-ಕಾಯಿಪಲ್ಲೆಯ ಹಿಂದಿನ ಕಥೆ

ಸಂಘದ ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಒಕ್ಕಲುತನದ ಇತಿಹಾಸ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹತ್ತಿಯ ಬಗ್ಗೆ ಬರೆಯುವುದು ಸುಲಭ. ಬೈಲಹೊಂಗಲದ ಹತ್ತಿ ಪೇಟೆಯ ಹೆಸರು ಯಾರಿಗೆ ಗೊತ್ತಿಲ್ಲ? ಕಬ್ಬಿನ ಬಗ್ಗೆ ಬರೆಯುವುದೂ ಕಷ್ಟವಲ್ಲ, ಕಾರ್ಖಾನೆಯ ಕಾಗದಪತ್ರಗಳಿವೆ. ಆದರೆ ದಿನಾ ಎರಡು ಹೊತ್ತು ರೊಟ್ಟಿಯ ಜೊತೆ ನಮ್ಮ ತಾಟಿಗೆ ಬೀಳುವ ಬದನಿಕಾಯಿ, ಉಳ್ಳಾಗಡ್ಡಿ, ಮೆಂತೆ ಪಲ್ಯ, ಪುಂಡಿ ಪಲ್ಯಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಆದ್ದರಿಂದ ಈ ಲೇಖನವನ್ನು ಅದಕ್ಕೇ ಮೀಸಲಿಡುತ್ತೇನೆ. ಸದಸ್ಯ ಬಾಂಧವರು, ವಿಶೇಷವಾಗಿ ತಾಯಂದಿರು, ಓದಬೇಕು ಅಥವಾ ಓದಿಸಿ ಕೇಳಬೇಕು.

ಮೊದಲು ನೆಲದ ವಿಚಾರ. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲೂಕಿನಲ್ಲಿದ್ದವು. ಸವದತ್ತಿ ತಾಲೂಕಿಗೆ ಪರಸಗಡ ಎಂಬ ಹೆಸರಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಕಿತ್ತೂರು ಈಚೆಗೆ ಬೈಲಹೊಂಗಲದಿಂದ ಬೇರೆಯಾಗಿ ತಾಲೂಕಾಯಿತು. ಹೆಸರು, ಹದ್ದುಗಳು ಹೀಗೆ ಬದಲಾದವು, ಮಳೆಯ ಲೆಕ್ಕ ಮಾತ್ರ ಬದಲಾಗಲಿಲ್ಲ. ಪಶ್ಚಿಮಕ್ಕೆ ಕಿತ್ತೂರಿನ ಕಡೆ ಅರೆಮಲೆನಾಡು, ಮಸಾರಿ ನೆಲ, ಮಾವಿನ ಮರ. ಮೂಡಲಕ್ಕೆ ಹೋದಷ್ಟೂ ಮಳೆ ಕಡಿಮೆ. ಬೈಲಹೊಂಗಲ ದಾಟಿ ಸವದತ್ತಿಯ ಎರಿ ಹೊಲಗಳು, ಇನ್ನೂ ಮುಂದೆ ರಾಮದುರ್ಗದ ಕಲ್ಲುಗುಡ್ಡಗಳು. ನಡುವೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ. ಈ ಒಂದು ಹೊಳೆಯ ದಂಡೆಯ ಮೇಲೆ ಬಿಟ್ಟರೆ ಬಾವಿಯಿಲ್ಲದೆ ಬೇಸಿಗೆ ಕಾಯಿಪಲ್ಲೆ ಎಂಬುದು ಹಿಂದಿನವರಿಗೆ ಕನಸಿನ ಮಾತಾಗಿತ್ತು.

ಹಾಗಂತ ನಮ್ಮ ಹಿರಿಯರು ಕಾಯಿಪಲ್ಲೆ ತಿನ್ನದೆ ಬದುಕಿದರೇ? ಇಲ್ಲ. ಅವರ ತೋಟ ಹೊಲದೊಳಗೇ ಇತ್ತು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು, ಹತ್ತಿಯ ನಡುವೆ ಸೌತಿ ಬಳ್ಳಿ, ಬದುವಿನ ಮೇಲೆ ಪುಂಡಿ, ಹಿತ್ತಲಲ್ಲಿ ಹೀರಿ ಬಳ್ಳಿ, ಹಿಂಗಾರಿಯಲ್ಲಿ ಕುಸುಬಿಯ ಎಳೆ ತಪ್ಪಲು, ಕಡ್ಲಿಯ ಕುಡಿ. ಹಕ್ಕರಿಕಿ, ರಾಜಗಿರಿ ಕಸದಂತೆ ತಾವಾಗಿಯೇ ಬರುತ್ತಿದ್ದವು. ಬೀಜ ಮಾಡುವುದು ಹೆಂಗಸರ ಕೆಲಸ. ಚಲೋ ಕಾಯಿ ನೋಡಿ ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ತೆಗೆದು, ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿ ಕಟ್ಟುತ್ತಿದ್ದರು. ಉಳಿದ ಕಾಯಿ ಬುಟ್ಟಿಯಲ್ಲಿ ಸಂತೆಗೆ ಹೋಗುತ್ತಿತ್ತು, ಬಂದ ಚಿಲ್ಲರೆ ಉಪ್ಪು, ಎಣ್ಣೆ, ಬಳೆಗೆ ಆಗುತ್ತಿತ್ತು. ಗಂಡಸರು ಅದರ ಲೆಕ್ಕ ಕೇಳುತ್ತಿರಲಿಲ್ಲ. 'ಪಲ್ಯೆದ ರೊಕ್ಕ ಹೆಂಗಸರ ರೊಕ್ಕ' ಎಂಬ ಮಾತು ಹಾಗೆ ಬಂದದ್ದು. ಹೊಳೆದಂಡೆಯಲ್ಲಿ ಮತ್ತು ಊರ ಬಾವಿಗಳ ಹತ್ತಿರ ಬಾಗವಾನರೂ ಮಾಳಿಗಳೂ ಎತ್ತು ಕಟ್ಟಿ ತೊಗಲಿನ ಚೀಲದಿಂದ ನೀರೆತ್ತಿ ಪೇರಲ, ನಿಂಬಿ, ಬದನಿ ಬೆಳೆಯುತ್ತಿದ್ದರು. ಎಷ್ಟೋ ಜನ ಬೆಳೆದದ್ದು ತಮ್ಮ ಹೊಲದಲ್ಲಲ್ಲ, ಲಾವಣಿ ಹಿಡಿದ ತುಂಡು ನೆಲದಲ್ಲಿ. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಈ ಬೆಳೆಗಳಲ್ಲಿ ಅರ್ಧದಷ್ಟು ಹೊರಗಿನಿಂದ ಬಂದವು ಎಂದರೆ ನಮ್ಮ ಹುಡುಗರಿಗೆ ಆಶ್ಚರ್ಯವಾಗುತ್ತದೆ. ಮೆಣಸಿನಕಾಯಿ, ಟೊಮ್ಯಾಟೊ, ಬಟಾಟಿ, ಪೇರಲ, ಪಪ್ಪಾಯಿ, ಸೀತಾಫಲ, ಶೇಂಗಾ ಎಲ್ಲವೂ ಅಮೇರಿಕ ಖಂಡದವು. ಹದಿನಾರನೇ ಶತಮಾನದಿಂದೀಚೆಗೆ ಇವುಗಳಲ್ಲಿ ಹೆಚ್ಚಿನವು ಪೋರ್ತುಗೀಜರ ಹಡಗಿನಲ್ಲಿ ಬಂದವು. ಗೋವೆ ನಮಗೆ ಘಟ್ಟದ ಕೆಳಗಿನ ನೆರೆಮನೆ. ಬಟಾಟಿ ಎಂಬ ಶಬ್ದ, ಪೇರಲ ಎಂಬ ಶಬ್ದ ಅವರ ಬಾಯಿಂದಲೇ ಬಂದವು. ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಅಡಿಗೆ ನಮಗೆ ಅಡಿಗೆಯೇ ಅಲ್ಲ. ಆದರೆ ಕಲ್ಯಾಣದ ಶರಣರು ಮೆಣಸಿನಕಾಯಿ ಕಂಡಿರಲಿಲ್ಲ!

ಇವನ್ನೆಲ್ಲ ರೈತರು ಯಾರ ಹಂಗೂ ಇಲ್ಲದೆ ಕಲಿತು ತಮ್ಮದಾಗಿಸಿಕೊಂಡರು. ಸರಕಾರದ ಕಣ್ಣೆಲ್ಲ ಹತ್ತಿಯ ಮೇಲಿತ್ತು. 1840ರ ದಶಕದಲ್ಲಿ ಅಮೇರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗ ಮಾಡಿಸಿದರು. ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿ ನೆಲೆಯೂರಿ 'ಧಾರವಾಡ-ಅಮೇರಿಕನ್' ಹತ್ತಿಯಾಯಿತು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹತ್ತಿದಾಗ ಇದರ ಬೆಲೆ ಗಗನಕ್ಕೇರಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಬೇಕಿತ್ತು, ಬದನಿಕಾಯಿ ಬೇಕಿರಲಿಲ್ಲ. ಬೀಜ, ರಸ್ತೆ, ಪೇಟೆ, ಸಾಲ ಎಲ್ಲವೂ ಆ ದಾರಿಯಲ್ಲೇ ಹರಿದವು.

ಸಹಕಾರ ಚಳವಳಿಯೂ ಅದೇ ದಾರಿ ಹಿಡಿಯಿತು. 1904ರ ಕಾಯದೆಯ ಮೇರೆಗೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವು ದೇಶದ ಮೊದಲ ಸಹಕಾರಿ ಸಂಘವೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. 1912ರ ಕಾಯದೆ ಬಂದ ಮೇಲೆ ಸಾಲವಲ್ಲದ ಕೆಲಸಕ್ಕೂ ಸಂಘ ಕಟ್ಟಲು ಅವಕಾಶವಾಯಿತು. ಹುಬ್ಬಳ್ಳಿಯಲ್ಲಿ 1915ರಲ್ಲಿ, ಗದಗಿನಲ್ಲಿ 1917ರಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಟ್ಟಿದವು. ಕಾಯಿಪಲ್ಲೆ ಬೆಳೆಯುವವರು ಈ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಕಾರಣ ತಿಳಿಯುವುದು ಕಷ್ಟವಲ್ಲ. ಸಂಘ ಸಾಲ ಕೊಡಬೇಕಾದರೆ ಉತಾರ ಬೇಕು. ಲಾವಣಿದಾರನ ಕೈಯಲ್ಲಿ ಉತಾರವಿಲ್ಲ, ಹೆಣ್ಣುಮಕ್ಕಳ ಹೆಸರಿನಲ್ಲಿ ಉತಾರವಿಲ್ಲ. ಬೀಜ ಕಾದಿಟ್ಟವರು, ನೀರು ಹಾಯಿಸಿದವರು, ಬುಟ್ಟಿ ಹೊತ್ತವರು ಸಂಘದ ಕಟ್ಟೆಯ ಕೆಳಗೇ ನಿಂತರು. 1974ರ ಭೂಸುಧಾರಣೆಯಿಂದ ಗೇಣಿದಾರರಲ್ಲಿ ಅನೇಕರಿಗೆ ಭೂಮಿ ಸಿಕ್ಕಿತು, ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಕಾಗದ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಇನ್ನೊಂದು ತೊಡಕು ದಾರಿಯದು. ನೈಋತ್ಯ ದಿಕ್ಕಿನ ರೈಲು ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಳಗಾವಿ, ಲೋಂಡಾ, ಧಾರವಾಡಗಳನ್ನು ಮುಟ್ಟಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕನ್ನೂ ಬಿಟ್ಟು ಹೋಯಿತು. ಹತ್ತಿಯ ಅಂಡಿಗೆ ಚಕ್ಕಡಿಯಲ್ಲಿ ಎರಡು ದಿನ ತಡವಾದರೂ ಕೆಡುವುದಿಲ್ಲ. ಬೆಂಡಿಕಾಯಿ ಒಂದು ರಾತ್ರಿ ತಡವಾದರೆ ದನಕ್ಕೆ ಹಾಕಬೇಕು. ಹಾಗಾಗಿ ಚಕ್ಕಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರವೇ ನಮ್ಮ ಕಾಯಿಪಲ್ಲೆಯ ಜಗತ್ತಾಗಿತ್ತು. ಇದಕ್ಕೆ ಅಪವಾದವೆಂದರೆ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಭಕ್ತರು ಬಂದು ಗುಡ್ಡದಲ್ಲೇ ಅಡಿಗೆ ಮಾಡಿ ಪಡ್ಡಲಗಿ ತುಂಬಿಸುತ್ತಾರೆ. ಸುತ್ತಲಿನ ಹಳ್ಳಿಗಳ ಬದನಿಕಾಯಿ, ಉಳ್ಳಾಗಡ್ಡಿ ತಪ್ಪಲು, ಮೆಂತೆಗೆ ಅದಕ್ಕಿಂತ ದೊಡ್ಡ ಗಿರಾಕಿ ಇಲ್ಲ. ತಾಯಿಯ ಜಾತ್ರೆಗೆ ಕಾಯಿ ಬರುವಂತೆ ಲೆಕ್ಕ ಹಾಕಿ ಅಗಿ ಹಚ್ಚುವ ಜಾಣತನ ಯಾವ ಇಲಾಖೆಯೂ ಕಲಿಸಿದ್ದಲ್ಲ.

ಮುಂದೆ ಮೋಟಾರು ರಸ್ತೆ ಬಂದಾಗ ಬೆಳಗಾವಿ ಪೇಟೆಯ ಮೂಲಕ ಗೋವೆಯ ಗಿರಾಕಿ ದೊಡ್ಡದಾಯಿತು. ಇಲ್ಲೊಂದು ಸ್ವಾರಸ್ಯವಿದೆ. 1950ರ ದಶಕದ ಮಧ್ಯದಲ್ಲಿ ಭಾರತ ಸರಕಾರ ಪೋರ್ತುಗೀಜ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹಾಕಿ ಗಡಿ ಮುಚ್ಚಿತು. ಘಟ್ಟದ ಮೇಲಿನ ಬಟಾಟಿ ಬಾರದಾಗ ಗೋವೆಯವರು ಸಾವಿರಾರು ಮೈಲಿ ದೂರದ ಹಾಲೆಂಡಿನಿಂದ ಹಡಗಿನಲ್ಲಿ ಬಟಾಟಿ ತರಿಸಿ ತಿಂದರು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ಲಾರಿಗಳು ಮತ್ತೆ ಘಟ್ಟ ಇಳಿದವು, ಇಂದಿಗೂ ಇಳಿಯುತ್ತಿವೆ. ಗೋವೆಯ ಅಡಿಗೆಮನೆ ಬೆಳಗಾವಿಯನ್ನು ನಂಬಿದೆ ಎಂದರೆ ಅತಿಶಯೋಕ್ತಿಯಲ್ಲ.

ಸರಕಾರದ ಕಡೆಯಿಂದ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಬಂದದ್ದು 1963ರಲ್ಲಿ. ಅದರ ಹಿಂದಿದ್ದವರು ಡಾ. ಎಂ. ಎಚ್. ಮರೀಗೌಡರು. ಜಿಲ್ಲೆ ಜಿಲ್ಲೆಗೆ ತೋಟಗಾರಿಕೆ ಕ್ಷೇತ್ರ, ಸಸಿಮಡಿ ಮಾಡಿ, ನಂಬಿಕೆಯ ಕಸಿ ಗಿಡ ರೈತನ ಕೈಗೆ ಸಿಗಬೇಕೆಂಬುದು ಅವರ ಹಟ. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘವೇ ಮುಂದೆ ಬೆಳೆದು ಹಾಪ್‌ಕಾಮ್ಸ್ ಆಯಿತು. ರೈತ ತಂದ ಮಾಲನ್ನು ತೂಗಿ, ದರ ಹೇಳಿ, ರೊಕ್ಕ ಕೊಟ್ಟು, ತನ್ನದೇ ಮಳಿಗೆಯಲ್ಲಿ ಮಾರುವ ಪದ್ಧತಿ ಅದು. ಬೆಂಗಳೂರಿನ ಸುತ್ತಮುತ್ತ ಅದು ಚೆನ್ನಾಗಿ ಬೇರೂರಿತು. ನಮ್ಮ ಕಡೆಗೆ ಅದರ ನೆರಳು ಅಷ್ಟಾಗಿ ಬೀಳಲಿಲ್ಲ. ಕೈಯಲ್ಲಿ ಸಂಬಳವಿದ್ದು ದಿನಾ ಕಾಯಿಪಲ್ಲೆ ಕೊಳ್ಳುವ ದೊಡ್ಡ ಶಹರ ಹತ್ತಿರದಲ್ಲಿರಬೇಕಲ್ಲ!

ಈಗ ಮಲಪ್ರಭೆಗೆ ಬರೋಣ. ಸವದತ್ತಿ ಹತ್ತಿರದ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಕಟ್ಟಿದ ಆಣೆಕಟ್ಟು 1970ರ ದಶಕದ ಆರಂಭಕ್ಕೆ ಸಿದ್ಧವಾಯಿತು. ರೇಣುಕಾ ಸಾಗರದಲ್ಲಿ ಸುಮಾರು 37.73 ಟಿಎಂಸಿ ನೀರು ನಿಲ್ಲತೊಡಗಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕತರಕಿಯವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಬಿಡುಗಡೆ ಮಾಡಿದರು. ನೀರು ಬಂತು, ವರಲಕ್ಷ್ಮಿ ಬಂದಳು. ಎಡದಂಡೆ, ಬಲದಂಡೆ ಕಾಲುವೆಗಳ ಕೆಳಗೆ ರೈತರು ಸಾಲ ಮಾಡಿ ಗೊಬ್ಬರ, ಔಷಧ ಹಾಕಿ ಹತ್ತಿ ಬೆಳೆದರು. ಕೆಲವು ವರ್ಷ ರೊಕ್ಕ ಕಂಡರು, ಮನೆ ಕಟ್ಟಿದರು. ದಶಕದ ಕೊನೆಗೆ ದರ ಕುಸಿಯಿತು. ಅದೇ ವೇಳೆಗೆ ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ, ನೀರಿನ ಕರದ ನೋಟೀಸು ಬಂದವು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿದೆ. ಗೋಲಿಬಾರಿನಲ್ಲಿ ರೈತರು ಮಡಿದರು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರತಿವರ್ಷ ಹುತಾತ್ಮರ ದಿನ ಆಚರಿಸುತ್ತೇವೆ.

ಆ ದಿನದ ಬಗ್ಗೆ ಕರದ ಮಾತು ಬಹಳ ಬರೆದಿದ್ದಾರೆ. ಬೆಳೆಯ ಮಾತು ಕಡಿಮೆ ಬರೆದಿದ್ದಾರೆ ಎಂದು ನನ್ನ ಅಭಿಪ್ರಾಯ. ಒಂದೇ ಬೆಳೆಗೆ ಇಡೀ ಸೀಮೆ ಕೊರಳು ಕೊಟ್ಟಿತ್ತು. ಜೋಳದ ಜೊತೆ ಅಕ್ಕಡಿ ಸಾಲೂ ಹೋಗಿತ್ತು, ಬದುವಿನ ಪುಂಡಿಯ ಮೇಲೆ ಔಷಧ ಬಿದ್ದಿತ್ತು. ಕಾಲುವೆ ನೀರು ಬಂದರೆ ಕಾಯಿಪಲ್ಲೆ ಹೆಚ್ಚಾಗಬೇಕು ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಾಗಲಿಲ್ಲ. ಕಾಲುವೆ ತನ್ನ ಪಾಳಿಯ ಪ್ರಕಾರ ಹರಿಯುತ್ತದೆ, ಬದನಿ ಗಿಡ ತನ್ನ ಬಾಯಾರಿಕೆಯ ಪ್ರಕಾರ ಕೇಳುತ್ತದೆ. ಎಂಟು ದಿನಕ್ಕೊಮ್ಮೆ ತಪ್ಪದೆ ನೀರು ಬೇಕಾದ ಬೆಳೆಯನ್ನು ಪಾಳಿಯ ನೀರಿಗೆ ಒಪ್ಪಿಸಲು ಯಾರಿಗೆ ಧೈರ್ಯ? ಕೊನೆಯ ತುದಿಯ ಹೊಲಗಳಿಗಂತೂ ಪಾಳಿಯೇ ಮುಟ್ಟುತ್ತಿರಲಿಲ್ಲ. ಹಾಗಾಗಿ ಕಾಲುವೆ ಕೆಳಗೂ ಕಾಯಿಪಲ್ಲೆ ಬೆಳೆದವನು ಬಾವಿ ಇದ್ದವನೇ. ಮುಂದೆ ಕೊಳವೆಬಾವಿ ಬಂದ ಮೇಲೆ ಮಾತ್ರ ಟೊಮ್ಯಾಟೊ, ಬೆಂಡಿ, ಹೀರಿ, ಬಾಳಿ ಎರಿ ಹೊಲಕ್ಕೂ ಹಬ್ಬಿದವು. ನೀರು ಆಳಕ್ಕಿಳಿದಂತೆ ಹನಿ ನೀರಾವರಿ ಅನಿವಾರ್ಯವಾಯಿತು. 2005-06ರಲ್ಲಿ ಶುರುವಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್, ಹನಿ ನೀರಾವರಿಯ ಸಹಾಯಧನ ಇವುಗಳಿಂದ ಅನುಕೂಲವಾದದ್ದು ನಿಜ.

ನಮ್ಮ ಖುಷ್ಕಿ ರೈತರ ನಿಜವಾದ ಜಾಣ್ಮೆ ನೋಡಬೇಕಾದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಕೂಡಿದ ಹೊಲ ನೋಡಬೇಕು. ಮುಂಗಾರಿಗೆ ಉಳ್ಳಾಗಡ್ಡಿ ಬೀಜ ಬಿತ್ತುತ್ತಾರೆ, ಅದರ ನಡುವೆ ಮೆಣಸಿನ ಅಗಿ ಹಚ್ಚುತ್ತಾರೆ, ಸಾಲು ಬಿಟ್ಟು ಹತ್ತಿ ಕಾಳು ಊರುತ್ತಾರೆ. ದಸರೆ-ದೀಪಾವಳಿಯ ಸುಮಾರಿಗೆ ಗಡ್ಡಿ ಕೀಳುವುದರಿಂದ ಹಬ್ಬದ ಖರ್ಚು ನೀಗುತ್ತದೆ. ಗಡ್ಡಿ ಕಿತ್ತ ಜಾಗದಲ್ಲಿ ಮೆಣಸಿನ ಗಿಡ ಹರಡಿಕೊಂಡು ಸಂಕ್ರಾಂತಿಯ ಆಚೀಚೆ ಹಣ್ಣಾಗುತ್ತದೆ. ಅದು ಮುಗಿಯುವಾಗ ಹತ್ತಿ ಒಡೆಯುತ್ತದೆ. ಒಂದೇ ಮಳೆ, ಒಂದೇ ಉಳುಮೆ, ಮೂರು ಪಟ್ಟಿ. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ವರಲಕ್ಷ್ಮಿಯ ಕಾಲದಲ್ಲಿ ಮರೆತದ್ದು ಇದನ್ನೇ.

ಇದರಲ್ಲಿ ಕೈ ಸುಡುವುದು ಉಳ್ಳಾಗಡ್ಡಿ. 1998ರಲ್ಲಿ ದಿಲ್ಲಿಯ ಸರಕಾರವೇ ಉಳ್ಳಾಗಡ್ಡಿಯ ಬೆಲೆಯಿಂದ ಬಿತ್ತೆಂದು ಜನ ಮಾತಾಡಿಕೊಂಡರು. ಅಂದಿನಿಂದ ಯಾವ ಸರಕಾರ ಬಂದರೂ ಶಹರದಲ್ಲಿ ದರ ಏರಿದೊಡನೆ ರಫ್ತಿನ ಬಾಗಿಲು ಮುಚ್ಚುತ್ತದೆ. 2019ರ ಸೆಪ್ಟೆಂಬರಿನಲ್ಲಿ ಮುಚ್ಚಿದರು, 2020ರಲ್ಲಿ ಮುಚ್ಚಿದರು, 2023ರ ಡಿಸೆಂಬರಿನಲ್ಲಿ ಮುಚ್ಚಿ 2024ರ ಮೇದಲ್ಲಿ ತೆಗೆದರು. 2019ರ ಕೊನೆಗೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ಆದರೆ ಆಗ ನಮ್ಮವರ ಹತ್ತಿರ ಮಾರಲು ಗಡ್ಡಿ ಎಲ್ಲಿತ್ತು? ಆ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಯಿಂದ ರಾಮದುರ್ಗದವರೆಗೆ ದಂಡೆಯ ಊರು-ಹೊಲಗಳನ್ನು ಹೊಕ್ಕಿತ್ತು. ಹಿಂದಿನ ವರ್ಷಗಳ ಬರದಲ್ಲಿ ಬತ್ತಿದ್ದ ಹೊಳೆ ಅದೇ. ಮರು ವರ್ಷ ಬೇಸಿಗೆಯಲ್ಲಿ ಕೊರೋನಾ ಲಾಕ್‌ಡೌನ್. ಸಂತೆ ಬಂದ್, ಗಾಡಿ ಬಂದ್. ಮಾಲು ಇದ್ದವರಿಗೆ ಗಿರಾಕಿ ಇಲ್ಲ.

ಗಡ್ಡಿ ಇಟ್ಟು ಮಾರಿರಿ ಎಂದು ಸಲಹೆ ಕೊಡುವವರು ಬಹಳ. ಇಲ್ಲೊಂದು ಮುಖ್ಯ ವಿಷಯ ತಿಳಿದಿರಬೇಕು. ನಾಸಿಕ ಭಾಗದವರು ಗಾಳಿಯಾಡುವ ಚಾಳುಗಳಲ್ಲಿ ನಾಲ್ಕೈದು ತಿಂಗಳು ಕಾದಿಡುವುದು ಹಿಂಗಾರಿಯ ಗಡ್ಡಿಯನ್ನು. ಅದು ಬೇಸಿಗೆಯ ಬಿಸಿಲಿನಲ್ಲಿ ಬಲಿತು ಒಣಗಿರುತ್ತದೆ. ನಮ್ಮದು ಹೆಚ್ಚಾಗಿ ಮುಂಗಾರಿ ಗಡ್ಡಿ. ಹಸಿ ಹೆಚ್ಚು, ಕುತ್ತಿಗೆ ದಪ್ಪ, ಕೀಳುವಾಗ ಮೇಲೆ ಮಳೆ. ಅದನ್ನು ಎಂಥ ಚಾಳಿನಲ್ಲಿಟ್ಟರೂ ಕೊಳೆಯುತ್ತದೆ ಇಲ್ಲವೆ ಮೊಳಕೆ ಒಡೆಯುತ್ತದೆ. ಆದ್ದರಿಂದ ಬರೇ ಗೋದಾಮು ಕಟ್ಟಿದರೆ ಕೆಲಸವಾಗದು. ನೀರಿದ್ದವರು ಸ್ವಲ್ಪ ಹಿಂಗಾರಿ ಗಡ್ಡಿಯತ್ತ ತಿರುಗಿದರೆ ಮಾತ್ರ ಚಾಳಿಗೆ ಅರ್ಥ. ಒಣ ಮೆಣಸಿನಕಾಯಿಯ ಮಾತು ಬೇರೆ. ಅದು ಶೀತಲಗೃಹದಲ್ಲಿ ಬಣ್ಣ ಕೆಡದೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಬ್ಯಾಡಗಿಯ ವ್ಯಾಪಾರವೆಲ್ಲ ಅದರ ಮೇಲೆಯೇ ನಡೆಯುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಬೀಜದ ಬಗ್ಗೆ ಒಂದು ಮಾತು. 1967ರಲ್ಲಿ ಸ್ಥಾಪನೆಯಾಗಿ ಹೆಸರಘಟ್ಟದಲ್ಲಿ ನೆಲೆಯೂರಿದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳು ನಮ್ಮಲ್ಲೂ ಬಂದವು. ಹಳದಿ ನರದ ರೋಗ ತಡೆಯುವ ಅರ್ಕಾ ಅನಾಮಿಕಾ ಬೆಂಡಿ ಎಷ್ಟೋ ಮನೆಗೆ ಆಸರೆಯಾಯಿತು. ಇಂಥ ತಳಿಯ ಬೀಜ ರೈತ ಮನೆಯಲ್ಲೇ ತೆಗೆದಿಡಬಹುದು. ಕಂಪನಿಯ ಹೈಬ್ರಿಡ್ ಹಾಗಲ್ಲ, ಪ್ರತಿವರ್ಷ ಪಾಕೀಟು ಕೊಳ್ಳಬೇಕು. ಇಳುವರಿ ಹೆಚ್ಚು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಗಡಿಗೆಯ ಬೀಜ ಹೋದೊಡನೆ ಪಲ್ಯೆದ ರೊಕ್ಕದ ಲೆಕ್ಕ ಹೆಂಗಸರ ಕೈಯಿಂದ ಗಂಡಸರ ಕೈಗೆ, ಅಲ್ಲಿಂದ ಔಷಧದ ಅಂಗಡಿಗೆ ಹೋಯಿತು. ದಾಳಿಂಬೆಯಲ್ಲಿ ಅಂಗಮಾರಿ ರೋಗ ಬಂದಾಗ ಆ ಅಂಗಡಿಯ ಉದ್ರಿ ಎಷ್ಟು ಬೆಳೆಯುತ್ತದೆಂಬುದನ್ನು ಮೂಡಲ ಕಡೆಯವರು ಕಂಡಿದ್ದಾರೆ. ಇಂಥ ವಿಷಯ ಕೇಳಲು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಹತ್ತಿರವೇ ಇವೆ.

ಹಾಲಿನ ಸಹಕಾರ ಗೆದ್ದಿತು, ಕಾಯಿಪಲ್ಲೆಯದು ಯಾಕೆ ಗೆಲ್ಲಲಿಲ್ಲ ಎಂದು ಸಭೆಗಳಲ್ಲಿ ಪದೇ ಪದೇ ಕೇಳುತ್ತಾರೆ. ಹಾಲು ದಿನಕ್ಕೆರಡು ಸಲ, ವರ್ಷವಿಡೀ ಬರುತ್ತದೆ. ಕೊಬ್ಬಿನಂಶ ಅಳೆದರೆ ಜಗಳವಿಲ್ಲ. ಬದನಿಕಾಯಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಯಂತ್ರವಿಲ್ಲ, ಕಣ್ಣೇ ಯಂತ್ರ. ನನ್ನ ಕಾಯಿ ಎರಡನೇ ನಂಬರ್ ಎಂದು ಗ್ರೇಡು ಮಾಡುವವನು ನಮ್ಮೂರವನೇ ಆದರೆ ಮನಸ್ತಾಪ ತಪ್ಪದು. ದರ ಏರಿದ ದಿನ ಸದಸ್ಯ ಸಂಘ ಬಿಟ್ಟು ದಲಾಲರ ಕಡೆ ಓಡುತ್ತಾನೆ, ಇಳಿದ ದಿನ ಎಲ್ಲರೂ ಸಂಘದ ಬಾಗಿಲಿಗೆ ಬರುತ್ತಾರೆ. ಇಷ್ಟಾದರೂ ದಾರಿಯಿಲ್ಲವೆಂದಲ್ಲ. ಮಹಾರಾಷ್ಟ್ರದ ದ್ರಾಕ್ಷಿ ಸಹಕಾರಿ ಸಂಘಗಳು 1991ರಲ್ಲಿ ಕೂಡಿ 'ಮಹಾಗ್ರೇಪ್ಸ್' ಮಾಡಿಕೊಂಡು ಯುರೋಪಿಗೆ ಹಣ್ಣು ಕಳಿಸಿದವು. ಆಫ್ರಿಕದ ಕೆನ್ಯಾ ದೇಶದಲ್ಲಿ ನಮ್ಮಂಥ ಎಕರೆ-ಅರ್ಧ ಎಕರೆಯ ರೈತರು ಯುರೋಪಿಗೆ ಬೀನ್ಸ್ ಬೆಳೆಯುತ್ತಾರೆ. ಅಲ್ಲಿಯ ಅಂಗಡಿಗಳು ಔಷಧ ಸಿಂಪಡಣೆಯ ದಾಖಲೆ, ಪ್ರಮಾಣಪತ್ರ ಕೇಳತೊಡಗಿದಾಗ ಒಂಟಿ ರೈತರು ಬಹಳ ಮಂದಿ ಹೊರಬಿದ್ದರು. ಗುಂಪಾಗಿ ದಾಖಲೆ ಇಟ್ಟು, ಔಷಧಕ್ಕೆ ಒಂದೇ ಕೋಣೆ ಕಟ್ಟಿಕೊಂಡವರಿಗೆ ಉಳಿಯಲು ದಾರಿಯಾಯಿತು.

ಯುರೋಪಿನ ಮಾತು ದೂರದ್ದು, ಊರಿನದೇ ಲೆಕ್ಕ ಮಾಡೋಣ. ಆರೋಗ್ಯಕ್ಕೆ ಮನುಷ್ಯನಿಗೆ ದಿನಕ್ಕೆ 400 ಗ್ರಾಂ ಹಣ್ಣು-ಕಾಯಿಪಲ್ಲೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ 2 ಕಿಲೋ. ನಾನೂರು ಮನೆಯ ಊರಿಗೆ ದಿನಕ್ಕೆ 800 ಕಿಲೋ, ಅಂದರೆ 8 ಕ್ವಿಂಟಲ್. ನಮ್ಮ ಊರುಗಳಲ್ಲಿ ಅದರ ಅರ್ಧವಾದರೂ ತಿನ್ನುತ್ತೇವೆಯೇ? ದೇಶದಲ್ಲಿ 2012-13ರಿಂದ ತೋಟಗಾರಿಕೆ ಉತ್ಪನ್ನದ ತೂಕ ಆಹಾರಧಾನ್ಯದ ತೂಕವನ್ನು ಮೀರಿದೆ. ಆದರೂ ಕೂಲಿ ಮಾಡುವ ಮನೆಯಲ್ಲಿ ವಾರಕ್ಕೊಮ್ಮೆ ಸಂತೆಯ ದಿನ ಮಾತ್ರ ಹಸಿ ಪಲ್ಯೆ, ಉಳಿದ ದಿನ ಬೇಳೆ ಮತ್ತು ಕೆಂಪು ಖಾರ. ನಮ್ಮೂರ ಬದನಿ ಪೇಟೆಗೆ ಹೋಗಿ, ಸವಾಲಾಗಿ, ಎರಡು ಕೈ ದಾಟಿ ನಮ್ಮೂರ ಸಂತೆಗೇ ತಿರುಗಿ ಬರುವುದೂ ಉಂಟು! ಹೋಗುವ ಬಾಡಿಗಿ, ಹಮಾಲಿ, ದಲಾಲಿ ಒಂದು ಕಡೆ, ಬರುವ ಬಾಡಿಗಿ ಇನ್ನೊಂದು ಕಡೆ.

ಇಪ್ಪತ್ತೈದು ವರ್ಷ ಸಂಘವು ಬೆಳೆಸಾಲ, ಗೊಬ್ಬರ, ಬೀಜದ ಕೆಲಸ ಮಾಡಿದೆ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು ಸದಸ್ಯರಿಗೆ ತಿಳಿದಿದೆ. ಅದೂ ಉತಾರ ಇದ್ದವರಿಗೇ. ಸಂಘದ ಕಟ್ಟೆಯ ಪಕ್ಕದಲ್ಲಿ ಒಂದು ತೂಕದ ಕಲ್ಲು ಇಟ್ಟು, ಮುಂಜಾನೆ ಬಂದ ಕಾಯಿಪಲ್ಲೆಯಲ್ಲಿ ಊರಿಗೆ ಬೇಕಾದದ್ದನ್ನು ಊರಲ್ಲೇ ಮಾರಿ, ಉಳಿದದ್ದನ್ನು ಒಂದೇ ಟೆಂಪೋದಲ್ಲಿ ಪೇಟೆಗೆ ಕಳಿಸುವ ವಿಚಾರ ಬಂದರೆ ಅದಕ್ಕೆ ದೊಡ್ಡ ಬಂಡವಾಳ ಬೇಡ. ಬೇಕಾದದ್ದು ಗ್ರೇಡಿನ ವಿಷಯದಲ್ಲಿ ಎಲ್ಲರೂ ಒಪ್ಪುವ ಇಬ್ಬರು ಮನುಷ್ಯರು. ಕಾಂದಾ ಚಾಳಿನ ಮಾತನ್ನು ಹಿಂಗಾರಿ ಗಡ್ಡಿ ಎಷ್ಟು ಎಕರೆ ಬರುತ್ತದೆಂದು ನೋಡಿದ ಮೇಲೆ ಎತ್ತಬಹುದು. ಅದಕ್ಕಿಂತ ಮೊದಲು ಸಾಮಾನ್ಯ ಸಭೆಯ ಮುಂದೆ ಇಡಬೇಕಾದ ವಿಷಯ ಒಂದಿದೆ: ತಂದ ಬುಟ್ಟಿಯ ಪಟ್ಟಿ ಯಾರ ಹೆಸರಿಗೆ ಬರೆಯಬೇಕು, ರೊಕ್ಕ ಯಾರ ಖಾತೆಗೆ ಹೋಗಬೇಕು, ಉತಾರ ಇಲ್ಲದೆ ಲಾವಣಿಯಲ್ಲಿ ಬೆಳೆದವರಿಗೂ, ಬೆಳೆದ ಹೆಣ್ಣುಮಕ್ಕಳಿಗೂ ಷೇರು ಕೊಡಬೇಕೋ ಬೇಡವೋ. ಕೊಡಬೇಕೆಂಬುದು ನನ್ನ ಮತ.